ಮೊಣಕಾಲಿನಲ್ಲಿ ಕಿವಿ

ಮೂವತ್ತು ವರ್ಷ ಮದುವೆ ಹಿಡಿದ ಕೈ ಇದು.
ವಿರಾಜಪೇಟೆಯ ಅರ್ಧ ಊರು
ಇದರ ಮುಂದೆ ನಾಚಿದೆ, ಬೆವರಿದೆ,
ಪೀಚೆಕತ್ತಿ ನೇರ ಮಾಡಿಕೊಂಡಿದೆ.
ವಾಲಗದ ಪಕ್ಕ, ಸ್ಪೀಕರಿನ ಪಕ್ಕ ನಿಂತು ನಿಂತು
ಕಿವಿಯ ಮೇಲಿನ ಮೆಟ್ಟಿಲು ಕುಸಿದಿದೆ.
ಡಾಕ್ಟರು ಕಾಗದದಲ್ಲಿ ಗೀಟೆಳೆದು,
"ಇಲ್ಲಿಂದಾಚೆ ನಿಮಗೆ ಏನೂ ಇಲ್ಲ" ಅಂದರು.
ಆಚೆ ಏನಿದೆ ಎಂದು
ನಾನೂ ಕೇಳಲಿಲ್ಲ.

ದಮಯಂತಿ ಟೀಚರು ಚೀಟಿ ಕೊಟ್ಟರು:
ಮಾಕುಟ್ಟ, ಹೊಳೆದಂಡೆ, ಕೇದಗೆ ಪೊದೆ, ರಾತ್ರಿ ಎಂಟರ ಮೇಲೆ.
ಕಡಲಂಚಿನ ಪೊದೆಮಿಡತೆಯಂತೆ.
ಅಲ್ಲೇ ಅಪರೂಪ. ಘಾಟಿಯ ಬುಡದಲ್ಲಿ ಇರಲೇಬಾರದಂತೆ.
"ಇರಬಾರದ್ದು ಇದೆ ಅಂದರೆ ಯಾರು ನಂಬುತ್ತಾರೆ?
ಹಿಡಿದುಕೊಂಡು ಬಾ.
ಹಿಡಿಯೋದು ಅಂದರೆ ಕೈಯಲ್ಲಲ್ಲ ಮತ್ತೆ!"

ಪೆರುಂಬಾಡಿ ಗೇಟು ದಾಟಿ ಇಳಿದೆ.
ಎದುರು ಕಣ್ಣೂರಿನ ಮೀನಿನ ಲಾರಿ
ಟಾರಿನ ಮೇಲೆ ಉಪ್ಪುನೀರು ಸುರಿಸುತ್ತ ಏರುತ್ತಿತ್ತು.
ಕಡಲು ನಮ್ಮಲ್ಲಿಗೆ ಹೀಗೂ ಹತ್ತಿ ಬರುತ್ತದೆ,
ಐಸಿನ ಪೆಟ್ಟಿಗೆಯಲ್ಲಿ, ದಿನಕ್ಕೆರಡು ಸಲ.

ಬೀರಾನ್ ಕಾಕನ ಚಹದಂಗಡಿ.
ಮೊಮ್ಮಗಳು ಸಫ್ವಾನ, ಏಳನೇ ಕ್ಲಾಸು,
ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಅಂದಳು:
"ಅದಾ? ದಿನಾ ಕೇಳುತ್ತೆ.
ಸ್ಟೀಲ್ ತಟ್ಟೆಯನ್ನು ಸೂಜಿಯಲ್ಲಿ ಗೀರಿದ ಹಾಗೆ.
ಉಮ್ಮನಿಗೆ ಕೇಳಲ್ಲ. ಮಾಷ್ಟ್ರಿಗೆ ಕೇಳಲ್ಲ.
ಸುಳ್ಳಿ ಅಂತಾರೆ."

ಮುಂದೆ ಅವಳು, ನಡುವೆ ಕಾಕನ ಟಾರ್ಚು,
ಅದರ ಮುಖಕ್ಕೆ ಮಿಠಾಯಿ ಪೊಟ್ಟಣದ ಕೆಂಪು ಕಾಗದ;
ಹಿಂದೆ ನಾನು, ಇಂಬಳಕ್ಕೆಂದು
ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು.
ಹೊಳೆ ಕೇಳುತ್ತಿತ್ತು ನನಗೆ. ಕಪ್ಪೆ ಕೇಳುತ್ತಿತ್ತು.
ಕಾಕನ ಕೆಮ್ಮು, ದೂರದಲ್ಲೊಂದು ಗೇರು ಬದಲಿಸಿದ್ದು.

ಅವಳು ಬೆರಳೆತ್ತಿದಳು.
ನಾನು ಬೆರಳನ್ನೇ ಆಲಿಸಿದೆ.
ಎಡಕ್ಕೆ ಹೋಯಿತು. ತಡೆಯಿತು. ಬಲಕ್ಕೊಂದು ಕೂದಲೆಳೆ.
"ನಿಲ್ಲಿಸಿಬಿಡ್ತು."
ನಾವೂ ನಿಂತೆವು, ಒಂದು ಕಾಲು ಎತ್ತಿಟ್ಟಲ್ಲೇ.
"ಈಗ."

ಮೊದಲು ಕಂಡದ್ದು ಮೀಸೆ,
ಮೈಗಿಂತ ಉದ್ದ, ಇಲ್ಲವೆನ್ನುವಷ್ಟು ಸಣ್ಣ,
ಕತ್ತಲೆಯ ನೂಲನ್ನು ಸೂಜಿಗೆ ಪೋಣಿಸುವವರ ಹಾಗೆ ಹುಡುಕುತ್ತಿತ್ತು.
ಆಮೇಲೆ ಎಲೆ.
ಎಲೆಯ ಮುಳ್ಳಂಚಿನಲ್ಲಿ ಇನ್ನೊಂದು ಎಲೆ,
ಅದಕ್ಕೆ ಕಣ್ಣು.
ರೆಕ್ಕೆಯ ಬುಡ ನಡುಗುತ್ತಿತ್ತು, ಹೊಲಿಗೆ ಮಿಷನ್ನಿನಂತೆ,
ಸದ್ದೇ ಇಲ್ಲದೆ.

"ಸ್ವಲ್ಪ ಇತ್ತ ನೋಡಿ, ಗಲ್ಲ ಎತ್ತಿ",
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
ಪರದೆಯ ಮೂಲೆಯಲ್ಲಿ ಹಸಿರು ಗೀಟು
ಏಳುತ್ತಿತ್ತು, ಬೀಳುತ್ತಿತ್ತು, ಏಳುತ್ತಿತ್ತು.
ಯಂತ್ರ ಸುಳ್ಳು ಹೇಳುವುದಿಲ್ಲ, ಹುಡುಗಿಯೂ.
ಡಾಕ್ಟರ ಗೀಟಿನ ಆಚೆ ಇದ್ದದ್ದು
ಹೆಬ್ಬೆರಳಿನುದ್ದದ ಈ ಹಸಿರು,
ಯಾರನ್ನೋ ಕರೆಯುತ್ತ,
ಮೂವತ್ತು ಮೈಲಿಯೊಳಗೆ ಆ ಯಾರೋ
ಇದ್ದರೆ ಇರಬಹುದು, ಇಲ್ಲದಿರಲೂಬಹುದು.

ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಹಾಡು ಮುಗಿಸಿ ಮುಂಗಾಲೊಂದನ್ನು ಬಾಯಿಗೆ ತಂದು
ನಿಧಾನ ಉಜ್ಜಿಕೊಂಡಿತು,
ಪೂಜೆಗೆ ಮುನ್ನ ಗಂಟೆ ತೊಳೆಯುವವರ ಹಾಗೆ.
ಹತ್ತಿರ ಬಾಗಿದೆ. ಇನ್ನೂ ಹತ್ತಿರ.
ಲಟಕ್ಕೆಂದಿತು
ನನ್ನ ಮೊಣಕಾಲು.
ಎಲೆ ಬರಿದಾಯಿತು.

ಟೀಚರು ನೋಡುತ್ತ ನೋಡುತ್ತ ಕನ್ನಡಕ ತೆಗೆದರು.
"ಬಾರಾಪೊಳೆ ಹಿಡಿದು ಬಂದಿರಬೇಕು,
ಕೇದಗೆಯಿಂದ ಕೇದಗೆಗೆ ಹಾರಿ, ಎಷ್ಟು ತಲೆಮಾರೋ.
ಅದು ಉಜ್ಜಿಕೊಳ್ಳುತ್ತಿದೆಯಲ್ಲ, ಅಲ್ಲೇ ಅದರ ಕಿವಿ.
ಮುಂಗಾಲಿನ ಮೊಣಗಂಟಿನ ಕೆಳಗೆ."

ಓಹೋ, ಅಂದೆ.
ಹಾಗಾದರೆ ನಮ್ಮ ನಡುವೆ ನಡೆದದ್ದು
ಒಂದು ಮೊಣಕಾಲು ಹೇಳಿ
ಇನ್ನೊಂದು ಮೊಣಕಾಲು ಕೇಳಿದ ಮಾತು.

ವರದಿಯ ಹಾಳೆಯಲ್ಲಿ
"ಕಂಡವರು" ಎಂಬಲ್ಲಿ ನನ್ನ ಹೆಸರು ಬರೆದರು.
ಇನ್ನೊಂದು ಗೀಟು ಹಾಕಿಸಿದೆ, ಅದರ ಮೇಲೆ.
"ಕೇಳಿದವರು: ಸಫ್ವಾನ, ಏಳನೇ ತರಗತಿ, ಮಾಕುಟ್ಟ."